ಭಾವನ ಗಿಟಾರ್, ಅಳಿಯನ ಪಿಕಪ್

ಮಳೆಗಾಲ ಮುಗಿಯುತ್ತಾ ಬಂದಿತ್ತು. ಮುಂಬಯಿಯ ಮುಲುಂಡ್‌ನ ಅಕ್ಕನ ಮನೆಯಿಂದ ಅಳಿಯ ಫೋನ್ ಮಾಡಿದ. "ಮಾಮ, ಅಪ್ಪನ ಗಿಟಾರ್‌ಗೆ ಹೊಸ ಪಿಕಪ್ ಹಾಕಿಕೊಡ್ತೀರಾ? ಮೂರೂ ಬದಲಾಯಿಸಬೇಕು." ಅವನ ಹಿಂದಿನಿಂದ ಭಾವನ ದನಿ ಕೇಳಿಸಿತು. "ಮೂರೂ ಯಾಕೆ ಮಾರಾಯ? ನೆಕ್ಕಿಂದು ಮುಟ್ಟುವ ಹಾಗಿಲ್ಲ."

ಪಿಕಪ್ ಅಂದರೆ ಮ್ಯಾಗ್ನೆಟ್ಟಿನ ಸುತ್ತ ತಾಮ್ರದ ಸುರುಳಿ (ಕಾಯಿಲ್) ಇರುವ ಸಣ್ಣ ಭಾಗ; ಗಿಟಾರ್ ತಂತಿಯ ಕಂಪನವನ್ನು ಕರೆಂಟಾಗಿಸಿ ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುತ್ತದೆ. ಈ ಎರಡು ಮಾತಿನ ನಡುವೆ ನನ್ನ ಎರಡು ಭಾನುವಾರ ಹೋದವು. ಎರಡನೆಯದು ಹೋಗಿದ್ದು ನನ್ನದೇ ತಪ್ಪಿನಿಂದ. ಅದನ್ನೂ ಹೇಳುತ್ತೇನೆ.

ಗಿಟಾರ್ ಸ್ಟ್ರಾಟೋಕಾಸ್ಟರ್ ಮಾದರಿಯ ಒಂದು ನಕಲು. ಭಾವ ಮದುವೆಗೆ ಮುಂಚೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಹಗಲು ಬ್ಯಾಂಕ್ ಕೆಲಸ. ಗಣೇಶೋತ್ಸವದ ಪೆಂಡಾಲ್, ಕನ್ನಡ ಸಂಘಗಳ ರಾಜ್ಯೋತ್ಸವ ಅಂದರೆ ರಾತ್ರಿ ಇದು. ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್: ಗಿಟಾರ್‌ನ ಕುತ್ತಿಗೆಯ ಹತ್ತಿರದ್ದು ನೆಕ್, ನಡುವಿನದ್ದು ಮಿಡಲ್, ತಂತಿಯ ಬುಡದ ಹತ್ತಿರದ್ದು ಬ್ರಿಜ್. ಯಾವುದು ನುಡಿಯಬೇಕು ಅಂತ ಆರಿಸಲು ಐದು ಜಾಗದ ಸ್ವಿಚ್, ಒಂದು ವಾಲ್ಯೂಮ್, ಎರಡು ಟೋನ್. 1954ರಲ್ಲಿ ಫೆಂಡರ್ ಕಂಪನಿ ತಂದ ಮೂಲ ಗಿಟಾರ್‌ಗೆ ಸ್ವಿಚ್ಚಿನಲ್ಲಿ ಮೂರೇ ಜಾಗ ಇತ್ತು. ನುಡಿಸುವವರು ಅದನ್ನು ಎರಡರ ಮಧ್ಯೆ ಸಿಕ್ಕಿಸಿಟ್ಟು ಎರಡು ಪಿಕಪ್‌ಗಳನ್ನು ಒಟ್ಟಿಗೆ ಕೇಳುತ್ತಿದ್ದರು. ಐದು ಜಾಗದ ಸ್ವಿಚ್ ಕಂಪನಿಯಿಂದಲೇ ಬರತೊಡಗಿದ್ದು 1977ರಲ್ಲಿ. ಆ ನಡುವಿನ ಜಾಗವೇ ನಮ್ಮ ಕಥೆಯಲ್ಲಿ ಕಾಟ ಕೊಟ್ಟಿದ್ದು.

ದೂರು ಮೂರು. ಒಂದು, ಸ್ವಿಚ್ಚನ್ನು ಮಿಡಲ್ ಒಂದೇ ನುಡಿಯುವ ಮೂರನೇ ಜಾಗದಲ್ಲಿ ಇಟ್ಟರೆ ಸದ್ದೇ ಇಲ್ಲ. ಎರಡು, ಬ್ರಿಜ್ ಪಿಕಪ್ ಕಿವಿಗೆ ಚುಚ್ಚುತ್ತದೆ, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್‌ಗುಡುತ್ತದೆ. ಮೂರು, ಸ್ವಿಚ್ ಎಲ್ಲಿಟ್ಟರೂ ಹಮ್, ಅಂದರೆ ನುಡಿಸದಿದ್ದರೂ ಕೇಳುವ ಕರೆಂಟಿನ ಮೊರೆತ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಎತ್ತುವ ಮೊದಲು ನಾನು ನೋಡಿದ್ದು ಗೋಡೆಯ ಪ್ಲಗ್. ಆಂಪ್‌ನ ಮೂರು ಪಿನ್ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ, ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದ ಹುಡುಗ. ಅರ್ಥಿಂಗೇ ಇಲ್ಲ. ಗಿಟಾರ್‌ನ ತಂತಿಗಳು ವೈರಿನ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆಂಪ್‌ನೊಳಗೆ ಏನಾದರೂ ಕೆಟ್ಟರೆ ಕರೆಂಟ್ ಬರುವುದು ನೇರ ಬೆರಳಿಗೆ. "ಹಮ್ ಆಮೇಲೆ ನೋಡೋಣ, ಮೊದಲು ನೀನು ಉಳಿ" ಅಂದೆ. ಅಡಾಪ್ಟರ್ ಕಸದ ಬುಟ್ಟಿಗೆ ಹೋಯಿತು. ಫ್ರಿಜ್ಜಿನ ಪಕ್ಕದ ಪ್ಲಗ್ಗಿನಲ್ಲಿ ಅರ್ಥ್ ಇತ್ತು. ಅಲ್ಲಿಗೆ ಹಾಕಿದಾಗಲೇ ಹಮ್ ಕಾಲುಭಾಗ ಇಳಿಯಿತು. ತಂತಿ ಮುಟ್ಟಿದರೆ ಇನ್ನಷ್ಟು ಇಳಿಯಿತು. ಅಂದರೆ ತಂತಿಯಿಂದ ಗ್ರೌಂಡಿಗೆ ಹೋಗುವ ವೈರ್ ಸರಿ ಇದೆ. ಮುಟ್ಟಿದಾಗ ಹಮ್ ಏರಿದ್ದರೆ, ಜ್ಯಾಕ್‌ನಲ್ಲಿ ವೈರ್ ಅದಲುಬದಲಾಗಿದೆಯಾ ಅಂತ ಮೊದಲು ನೋಡುತ್ತಿದ್ದೆ.

ಆಮೇಲೆ ಗಿಟಾರ್‌ಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದೆ. ವಾಲ್ಯೂಮ್, ಟೋನ್ ಪೂರ್ತಿ ಮೇಲೆ. ನೆಕ್ 5.8 ಕಿಲೋ ಓಮ್. ಬ್ರಿಜ್ 6 ಕಿಲೋ ಓಮ್. ಮಿಡಲ್ 512 ಕಿಲೋ ಓಮ್!

512 ಅಂದರೆ ಪಿಕಪ್ ಅಲ್ಲ, ಅದು ವಾಲ್ಯೂಮ್ ಪಾಟ್, ಅಂದರೆ ವಾಲ್ಯೂಮ್ ಗುಂಡಿಯೊಳಗಿನ ತಿರುಗಿಸುವ ರೆಸಿಸ್ಟರ್. ಮಿಡಲ್ ಪಿಕಪ್‌ನೊಳಗೆ ವೈರ್ ಎಲ್ಲೋ ತುಂಡಾಗಿದೆ, ಮೀಟರಿಗೆ ಪಾಟ್ ಒಂದೇ ಕಾಣುತ್ತಿದೆ. ಪಾಟ್ 500 ಕೆ (ಕಿಲೋ ಓಮ್) ಅನ್ನುವುದು ಬಿಟ್ಟಿಯಾಗಿ ಗೊತ್ತಾಯಿತು. ಕಾಯಿಲ್ ತುಂಡಾಗದೆ ಶಾರ್ಟ್ ಆಗಿದ್ದರೆ ಸ್ವಿಚ್ಚಿನ ಎರಡನೇ (ಬ್ರಿಜ್ ಜೊತೆ ಮಿಡಲ್), ನಾಲ್ಕನೇ (ನೆಕ್ ಜೊತೆ ಮಿಡಲ್) ಜಾಗದಲ್ಲೂ ಸದ್ದು ಸತ್ತುಹೋಗುತ್ತಿತ್ತು. ಇಲ್ಲಿ ಹಾಗಾಗಿರಲಿಲ್ಲ, ಆ ಜಾಗಗಳಲ್ಲಿ ಉಳಿದ ಒಂದು ಪಿಕಪ್ ಸುಮ್ನೆ ನುಡಿಯುತ್ತಿತ್ತು. ಇಷ್ಟೆಲ್ಲ ಒಂದು ಸ್ಕ್ರೂ ಕೂಡ ಬಿಚ್ಚದೆ ತಿಳಿಯುತ್ತದೆ.

ಪಿಕ್‌ಗಾರ್ಡ್ (ಪಿಕಪ್‌ಗಳನ್ನು ಕೂರಿಸಿದ ಪ್ಲಾಸ್ಟಿಕ್ ಹಾಳೆ) ಎತ್ತಿ ನೋಡಿದಾಗ ಮಿಡಲ್ ಪಿಕಪ್‌ನ ಅಡಿಯಲ್ಲಿ, ವೈರ್ ಶುರುವಾಗುವ ಸಣ್ಣ ತೂತಿನ ಹತ್ತಿರ, ಹಸಿರು ಕಿಲುಬು. ಈ ಕಾಯಿಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 42 ಗೇಜ್ ತಾಮ್ರದ ತಂತಿ, ದಪ್ಪ ಸುಮಾರು 0.063 ಮಿಲಿಮೀಟರ್. ಏಳೆಂಟು ಸಾವಿರ ಸುತ್ತು. ಮುಂಬಯಿಯ ಉಪ್ಪುಗಾಳಿ, ಬೆವರಿನ ಕೈ, ಇಪ್ಪತ್ತು ಮಳೆಗಾಲ. ಒಂದೇ ಕಡೆ ಕಿಲುಬು ಕಡಿದರೂ ಸಾಕು, ಅಷ್ಟೂ ಸುತ್ತು ದಂಡ.

ಏನು ತರುವುದು

ಅಳಿಯ ಮೊದಲೇ ಒಂದು ದೊಡ್ಡ ಹಂಬಕರ್, ಅಂದರೆ ಎರಡು ಕಾಯಿಲ್‌ನ ಪಿಕಪ್, ಆರಿಸಿಟ್ಟಿದ್ದ. ನೋಡಲು ಚಂದ. ಆದರೆ ಪಿಕ್‌ಗಾರ್ಡಿನಲ್ಲಿರುವ ಕಿಂಡಿ ಸಿಂಗಲ್ ಕಾಯಿಲ್ ಅಳತೆಯದು. ದೊಡ್ಡದು ಕೂರಬೇಕಾದರೆ ಪಿಕ್‌ಗಾರ್ಡ್ ಬೇರೆ ಬೇಕು, ನಕಲು ಗಿಟಾರ್‌ನ ಸ್ಕ್ರೂ ತೂತುಗಳಿಗೆ ಅಂಗಡಿಯ ಪಿಕ್‌ಗಾರ್ಡ್ ಹೊಂದುವುದು ಅದೃಷ್ಟದ ಮಾತು. ಮರವನ್ನೂ ಕೆತ್ತಬೇಕಾಗಬಹುದು. ಭಾವನ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟೆವು.

ಸಿಂಗಲ್ ಕಾಯಿಲ್‌ನ ಅಳತೆಯಲ್ಲೇ ಹಂಬಕರ್ ಸಿಗುತ್ತದೆ. ಎರಡು ಸಪೂರ ಕಾಯಿಲ್ ಪಕ್ಕಪಕ್ಕ, ಮೇಲೆ ತಂತಿಗೊಂದರಂತೆ ಆರು ಲೋಹದ ಬೊಟ್ಟುಗಳ ಬದಲು ಎರಡು ಉಕ್ಕಿನ ಪಟ್ಟಿ. ಪಟ್ಟಿಯಾದ್ದರಿಂದ ತಂತಿ ಬೊಟ್ಟಿನ ಮೇಲೆ ಸರಿಯಾಗಿ ಬರುತ್ತಾ ಅನ್ನುವ ಚಿಂತೆಯೂ ಇಲ್ಲ. ಹಂಬಕರ್ ಅನ್ನುವ ಹೆಸರೇ ಅದರ ಕೆಲಸ ಹೇಳುತ್ತದೆ: ಹಮ್ ಅನ್ನು ಒದ್ದೋಡಿಸುವುದು. ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, ಸಿಕ್ಕಿದ್ದು 1959ರಲ್ಲಿ.

ಹುಡುಗ ಕೇಳಿದ, "ಮಾಮ, ಇದು 14 ಕೆ ಇದೆ, ಅದು 6 ಕೆ. ಅಂದ್ರೆ ಇದು ಡಬಲ್ ಜೋರು ಅಲ್ವಾ?" ಅಲ್ಲ. ಓಮ್ ಲೆಕ್ಕ ಹೇಳುವುದು ತಾಮ್ರ ಎಷ್ಟು ಉದ್ದ, ಎಷ್ಟು ಸಪೂರ ಅನ್ನುವುದನ್ನು ಮಾತ್ರ. ಇನ್ನೂ ಸಪೂರದ 44 ಗೇಜ್ ತಂತಿ ಸುತ್ತಿದರೆ ಅಷ್ಟೇ ಸುತ್ತಿಗೆ ಓಮ್ ಜಾಸ್ತಿ ಬರುತ್ತದೆ. ಮ್ಯಾಗ್ನೆಟ್ ಯಾವುದು, ಸುತ್ತು ಎಷ್ಟು, ತಂತಿಗೆ ಎಷ್ಟು ಹತ್ತಿರ, ಇವೆಲ್ಲ ಸೇರಿ ಜೋರು. ಒಂದೇ ಜಾತಿಯ ಎರಡು ಪಿಕಪ್ ಹೋಲಿಸಲು ಓಮ್ ಪರವಾಗಿಲ್ಲ. ಬೇರೆ ಬೇರೆ ಜಾತಿಗೆ ಅದನ್ನು ನಂಬಿದರೆ ಮೋಸ ಹೋಗುತ್ತೇವೆ.

ಕೊನೆಗೆ ಆದ ತೀರ್ಮಾನ: ಬ್ರಿಜ್‌ಗೆ ಪಟ್ಟಿಯ ಹಂಬಕರ್, ಮಿಡಲ್‌ಗೆ ಆಲ್ನಿಕೋ 5 ಮ್ಯಾಗ್ನೆಟ್ಟಿನ ಸಿಂಗಲ್ ಕಾಯಿಲ್, ನೆಕ್ ಹಳೆಯದೇ. ಆಲ್ನಿಕೋ ಅಂದರೆ ಕಬ್ಬಿಣದ ಜೊತೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿಸಿದ ಲೋಹ. ಮಿಡಲ್‌ನ ಡಬ್ಬಿಯ ಮೇಲೆ "ರಿವರ್ಸ್ ವೂಂಡ್, ರಿವರ್ಸ್ ಪೊಲಾರಿಟಿ" ಅಂತ ಇತ್ತು. ಅಂದರೆ ಸುತ್ತೂ ಉಲ್ಟಾ, ಮ್ಯಾಗ್ನೆಟ್ಟೂ ಉಲ್ಟಾ. ಇದನ್ನು ಓದಿ ನಾನು ಖುಷಿಪಟ್ಟೆ. ಯಾರಿಗೆ ಹೋಲಿಸಿದರೆ ಉಲ್ಟಾ ಅಂತ ಕೇಳಿಕೊಳ್ಳಲಿಲ್ಲ.

ಪಾಟ್ ವಿಷಯದಲ್ಲಿ ಒಂದು ಇಕ್ಕಟ್ಟು ಬಂತು. ಸಿಂಗಲ್ ಕಾಯಿಲ್‌ಗೆ 250 ಕೆ, ಹಂಬಕರ್‌ಗೆ 500 ಕೆ ಅನ್ನುವುದು ರೂಢಿ. ಪಾಟ್‌ನ ಓಮ್ ಕಡಿಮೆಯಾದಷ್ಟೂ ಮೇಲಿನ ಸ್ವರಗಳ ಹೊಳಪು ಗ್ರೌಂಡಿಗೆ ಸೋರಿಹೋಗುತ್ತದೆ, ಸದ್ದು ಮೆತ್ತಗಾಗುತ್ತದೆ. ಭಾವ ಮೆಚ್ಚಿದ ನೆಕ್ ಸದ್ದು ಇಷ್ಟು ವರ್ಷ ಈ 500 ಕೆ ಪಾಟ್ ಮೂಲಕವೇ ಬಂದಿದ್ದು. ಪಾಟ್ ಬದಲಾಯಿಸಿದರೆ ನೆಕ್ ಮುಟ್ಟದೆಯೂ ನೆಕ್ ಬದಲಾಗುತ್ತದೆ. ಪಟ್ಟಿಯ ಹಂಬಕರ್‌ಗೂ 500 ಕೆ ಹಿತವೇ. ಹೊಸ ಮಿಡಲ್ ಒಂದಕ್ಕೆ ಮಾತ್ರ ಅದು ಜಾಸ್ತಿ ಹೊಳಪು ಕೊಡುತ್ತದೆ.

ಅದಕ್ಕೆ ಮದ್ದು ಒಂದು ರೆಸಿಸ್ಟರ್. ಸ್ವಿಚ್ಚಿನಲ್ಲಿ ಮಿಡಲ್‌ನ ವೈರ್ ಬಂದು ಸೇರುವ ಕಾಲಿನಿಂದ ಗ್ರೌಂಡಿಗೆ 470 ಕೆ ರೆಸಿಸ್ಟರ್ ಹಾಕಿದರೆ, ಅದು 512ರ ಜೊತೆ ಪ್ಯಾರಲಲ್ ಆಗಿ ಸುಮಾರು 245 ಕೆ ಆಗುತ್ತದೆ. ಮಿಡಲ್ ಆರಿಸಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ದಾದರ್‌ನಲ್ಲಿ ರೈಲು ಬದಲಿಸಿ ಗ್ರಾಂಟ್ ರೋಡಿಗಿಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಆ ರೆಸಿಸ್ಟರ್‌ಗೆ ಕೊಟ್ಟಿದ್ದು ಒಂದು ಕಟಿಂಗ್ ಚಹಾಕ್ಕಿಂತ ಕಡಿಮೆ. ಅಂಗಡಿಯವನು ಒಂದೇ ಒಂದು ರೆಸಿಸ್ಟರ್ ಕೇಳುವವನನ್ನು ನೋಡುವ ನೋಟ ಇರುತ್ತದಲ್ಲ, ಅದರಿಂದ ತಪ್ಪಿಸಿಕೊಳ್ಳಲು ಹತ್ತು ತೆಗೆದುಕೊಂಡೆ. ಹೋಗಿದ್ದಕ್ಕೆ ತಾಮ್ರದ ಟೇಪ್, ಒಂದಿಷ್ಟು ಸೋಲ್ಡರ್ ಕೂಡ.

ಮೊದಲ ಭಾನುವಾರ

ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ. ಅಕ್ಕ ಹಳೆಯ ಬೆಡ್‌ಶೀಟ್ ಹಾಸಿಕೊಟ್ಟಳು. ಪಿಕ್‌ಗಾರ್ಡ್ ಮಗುಚಿ ಇಟ್ಟು ಎಲ್ಲ ಬದಿಯಿಂದ ಫೋಟೋ ತೆಗೆದೆ. ಇದು ಸೋಮಾರಿಗಳ ಸರ್ಕ್ಯೂಟ್ ಡಯಾಗ್ರಾಮ್, ಆದರೆ ಇದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ.

ಹಂಬಕರ್‌ನಿಂದ ನಾಲ್ಕು ಬಣ್ಣದ ವೈರ್, ಜೊತೆಗೆ ಒಂದು ಬರಿ ವೈರ್ ಬರುತ್ತದೆ. ಇಲ್ಲಿ ಜಾಗ್ರತೆ ಬೇಕು. ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಸೇಮರ್ ಡಂಕನ್‌ ಕಂಪನಿಯದ್ದರಲ್ಲಿ ಕಪ್ಪು ಹಾಟ್ (ಸದ್ದು ಹೊರಹೋಗುವ ವೈರ್), ಕೆಂಪು-ಬಿಳಿ ಒಟ್ಟಿಗೆ ಸೇರಿಸುವುದು, ಹಸಿರು ಗ್ರೌಂಡಿಗೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಗ್ರೌಂಡಿಗೆ. ಒಬ್ಬರ ಹಾಟ್ ಇನ್ನೊಬ್ಬರ ನಡುವಿನ ಗಂಟು! ಕಪ್ಪು ಕಂಡ ತಕ್ಷಣ ಗ್ರೌಂಡ್ ಅಂದುಕೊಳ್ಳುವ ಅಭ್ಯಾಸ ನಮ್ಮಂಥ ಎಲೆಕ್ಟ್ರಾನಿಕ್ಸ್‌ನವರಿಗೇ ಜಾಸ್ತಿ. ಬರಿ ವೈರ್ ಮಾತ್ರ ಯಾವಾಗಲೂ ಗ್ರೌಂಡಿಗೆ.

ಅಳಿಯನಿಗೆ ಕಾಯಿಲ್ ಸ್ಪ್ಲಿಟ್, ಅಂದರೆ ಹಂಬಕರ್‌ನ ಒಂದೇ ಕಾಯಿಲ್ ನುಡಿಸುವ ಸೌಲಭ್ಯ, ಕೂಡ ಬೇಕಿತ್ತು. ಬೇಡ ಅಂದೆ. ಇದ್ದ ಮೂರು ಸದ್ದನ್ನು ಮೊದಲು ಸರಿಮಾಡೋಣ. ನಡುವಿನ ಗಂಟಿಗೆ ಹೀಟ್ ಶ್ರಿಂಕ್ ಹಾಕಿ ಮಡಚಿಟ್ಟೆ.

ಪಾಟ್‌ನ ಬೆನ್ನಿಗೆ ಸೋಲ್ಡರ್ ಹಿಡಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. 25 ವ್ಯಾಟ್‌ನ ಐರನ್ ಸ್ವಿಚ್ಚಿನ ಕಾಲಿಗೆ ಸಾಕು, ಪಾಟ್‌ನ ಬೆನ್ನಿಗೆ ಸಾಲದು. ಲೋಹದ ಡಬ್ಬಿ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಸೋಲ್ಡರ್ ಮೇಲ್ಮೈಯಲ್ಲಿ ಹರಡದೆ ಕೆಸುವಿನೆಲೆಯ ಮೇಲಿನ ನೀರಿನ ಹನಿಯಂತೆ ಉಂಡೆಯಾಗಿ ಕೂರುತ್ತದೆ. ಆ ಉಂಡೆಯನ್ನು ನಂಬಬಾರದು. ಸ್ಯಾಂಡ್‌ಪೇಪರ್‌ನಿಂದ ಬೆನ್ನು ಉಜ್ಜಿ, 60 ವ್ಯಾಟ್ ಐರನ್ ಒತ್ತಿ ಹಿಡಿದು, ಸೋಲ್ಡರ್ ಹರಿದು ಮಿಂಚಿದ ಕೂಡಲೇ ಕೈ ತೆಗೆದೆ. ಜಾಸ್ತಿ ಹೊತ್ತು ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ. ಪಾಟ್‌ಗಳ ಕರಕರ ಕಾಂಟ್ಯಾಕ್ಟ್ ಕ್ಲೀನರ್‌ಗೆ ಹೋಯಿತು. ಹೊರಗಿನ ಗದ್ದಲ ತಡೆಯಲು ಗಿಟಾರ್ ಮರದ ಪೊಳ್ಳಿನೊಳಗೆ ತಾಮ್ರದ ಟೇಪ್ ಅಂಟಿಸಿ ಅದನ್ನೂ ಗ್ರೌಂಡಿಗೆ ಸೇರಿಸಿದೆ.

ಸಂಜೆ ತಂತಿ ಹಾಕಿ ಹುಡುಗನ ಕೈಗೆ ಕೊಟ್ಟೆ. ಬ್ರಿಜ್ ಗಟ್ಟಿ, ಹಮ್ ಇಲ್ಲ. ಮಿಡಲ್ ಗಂಟೆಯ ಹಾಗೆ. ನೆಕ್ ಭಾವನ ಹಳೆಯ ನೆಕ್ಕೇ. ಎರಡನೇ ಜಾಗವೂ ಚೆನ್ನಾಗಿತ್ತು. ನಾಲ್ಕನೇ ಜಾಗಕ್ಕೆ ಹಾಕಿದ. ನೆಗಡಿಯಾದವರು ಮೂಗಿನಲ್ಲಿ ಮಾತಾಡಿದ ಹಾಗೆ. ತಳವೇ ಇಲ್ಲ.

ಹುಡುಗ ಎರಡು ಸಲ ಸ್ವಿಚ್ ಆಡಿಸಿ ಹೇಳಿದ, "ಮಾಮ, ಹಮ್ ಪೂರ್ತಿ ಹೋಗಿದೆ. ಆದ್ರೆ ಗಿಟಾರೂ ಹೋಗಿದೆ."

ಅವನಿಗೆ ಗೊತ್ತಿಲ್ಲದೆಯೇ ಕಾಯಿಲೆಯ ಹೆಸರು ಹೇಳಿಬಿಟ್ಟಿದ್ದ.

ಎರಡು ಉಲ್ಟಾಗಳ ಲೆಕ್ಕ

ಪಿಕಪ್‌ನೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಹಮ್ ಬರುವುದು ಹೊರಗಿನಿಂದ, ಮನೆಯ 50 ಹರ್ಟ್ಜ್ ಕರೆಂಟಿನಿಂದ. ಅದಕ್ಕೆ ಪಿಕಪ್‌ನ ಮ್ಯಾಗ್ನೆಟ್ ಬೇಡ, ಕಾಯಿಲ್ ಇದ್ದರೆ ಸಾಕು. ಹಾಗಾಗಿ ಹಮ್ ಯಾವ ದಿಕ್ಕಿನಲ್ಲಿ ಹೊರಡುತ್ತದೆ ಅನ್ನುವುದನ್ನು ಸುತ್ತಿನ ದಿಕ್ಕು ಒಂದೇ ತೀರ್ಮಾನಿಸುತ್ತದೆ. ತಂತಿಯ ಸದ್ದಿಗೆ ಕಾಯಿಲ್ಲೂ ಬೇಕು, ಮ್ಯಾಗ್ನೆಟ್ಟೂ ಬೇಕು. ಅದರ ದಿಕ್ಕು ಎರಡನ್ನೂ ಅವಲಂಬಿಸಿದೆ.

ಎರಡು ಪಿಕಪ್‌ಗಳಲ್ಲಿ ಸುತ್ತೂ ಒಂದೇ, ಮ್ಯಾಗ್ನೆಟ್ಟೂ ಒಂದೇ ದಿಕ್ಕು ಅಂದುಕೊಳ್ಳಿ. ಸದ್ದು ಕೂಡುತ್ತದೆ, ಹಮ್ಮೂ ಕೂಡುತ್ತದೆ. ಎರಡೂ ಉಲ್ಟಾ ಆದರೆ ಸದ್ದು ಎರಡು ಸಲ ತಿರುಗಿ ಮೊದಲಿನ ದಿಕ್ಕಿಗೇ ಬರುತ್ತದೆ, ಹಮ್ ಒಂದೇ ಸಲ ತಿರುಗಿ ಕಳೆದುಹೋಗುತ್ತದೆ. ನಮಗೆ ಬೇಕಾಗಿದ್ದು ಇದು. ಮ್ಯಾಗ್ನೆಟ್ ಮಾತ್ರ ಉಲ್ಟಾ ಆದರೆ ಸದ್ದು ಕಳೆದು ಹಮ್ ಕೂಡುತ್ತದೆ, ಎಲ್ಲಕ್ಕಿಂತ ಕೆಟ್ಟದ್ದು. ಸುತ್ತು ಮಾತ್ರ ಉಲ್ಟಾ ಆದರೆ ಎರಡೂ ಕಳೆದುಹೋಗುತ್ತವೆ. ಹಮ್ ಹೋಗಿದೆ, ಗಿಟಾರೂ ಹೋಗಿದೆ.

ಡಬ್ಬಿಯ ಮೇಲೆ ಬರೆದ "ಉಲ್ಟಾ" ಅದೇ ಕಂಪನಿಯ ನೆಕ್, ಬ್ರಿಜ್‌ಗೆ ಹೋಲಿಸಿದ್ದು. ಭಾವನ ಹಳೆಯ ನೆಕ್ ಆ ಮನೆಯದ್ದಲ್ಲವಲ್ಲ! ಬೆಸೆಯುವ ಮೊದಲು ಐದು ನಿಮಿಷದ ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ.

ಎರಡನೇ ಭಾನುವಾರ ಮಾಡಿದೆ. ನನ್ನ ಹತ್ತಿರ ಮುಳ್ಳಿನ ಹಳೆಯ ಮೀಟರ್ ಇದೆ. ಪಿಕಪ್‌ನ ವೈರ್ ಬಿಡಿಸಿ, ಹಾಟ್‌ಗೆ ಕೆಂಪು ಕಡ್ಡಿ, ಗ್ರೌಂಡಿಗೆ ಕಪ್ಪು, ಡಿಸಿಯ ಅತಿ ಸಣ್ಣ ರೇಂಜ್. ಉಕ್ಕಿನ ಸ್ಕ್ರೂಡ್ರೈವರನ್ನು ಬೊಟ್ಟುಗಳ ಮೇಲೆ ಮೆಲ್ಲಗೆ ತಾಗಿಸಿದೆ. ಮಿಡಲ್: ಮುಳ್ಳು ಕೂದಲೆಳೆಯಷ್ಟು ಬಲಕ್ಕೆ ಕುಣಿಯಿತು. ಬ್ರಿಜ್: ಬಲಕ್ಕೆ. ನೆಕ್: ಎಡಕ್ಕೆ. ಹುಡುಗ ಮುಖವನ್ನು ಮೀಟರಿನ ಗಾಜಿಗೆ ತಾಗಿಸಿಕೊಂಡು ಕೂತಿದ್ದ. "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಹತ್ತು ಸಲ ಮಾಡಿಸಿದ.

ಆಮೇಲೆ ಒಂದು ಪುಟ್ಟ ದಿಕ್ಸೂಚಿ ತಂದು ದೂರದಿಂದ ಹಿಡಿದೆ. ತೀರಾ ಹತ್ತಿರ ಒಯ್ದರೆ ಅದರ ಮುಳ್ಳೇ ಮತಿಗೆಟ್ಟು ಉತ್ತರವನ್ನು ದಕ್ಷಿಣ ಅನ್ನತೊಡಗುತ್ತದೆ. ನೆಕ್‌ನ ಮೇಲ್ಭಾಗವೂ ದಕ್ಷಿಣ, ಮಿಡಲ್‌ನ ಮೇಲ್ಭಾಗವೂ ದಕ್ಷಿಣ. ಅಲ್ಲಿಗೆ ಲೆಕ್ಕ ಹೊಂದಿತು. ಮ್ಯಾಗ್ನೆಟ್ ಒಂದೇ, ಸುತ್ತು ಉಲ್ಟಾ.

ಸುಲಭದ ದಾರಿ, ನೆಕ್‌ನ ಎರಡು ವೈರ್ ಅದಲುಬದಲು ಮಾಡುವುದು. ಸದ್ದು ಸರಿಯಾಗುತ್ತದೆ, ಆದರೆ ನಾಲ್ಕನೇ ಜಾಗದಲ್ಲಿ ಹಮ್ ವಾಪಸ್ ಬರುತ್ತದೆ. ಇನ್ನೊಂದು ದಾರಿ, ಸುತ್ತನ್ನು ಇದ್ದ ಹಾಗೇ ಬಿಟ್ಟು ಮ್ಯಾಗ್ನೆಟ್ ತಿರುಗಿಸುವುದು. ಆಲ್ನಿಕೋ ಬೊಟ್ಟುಗಳ ಹೊಸ ಮಿಡಲ್‌ನಲ್ಲಿ ಅದು ನನ್ನ ಕೈಲಾಗದ ಕೆಲಸ. ಬೊಟ್ಟುಗಳೇ ಮ್ಯಾಗ್ನೆಟ್, ಎಳೆದರೆ ಕಾಯಿಲ್ ಹರಿಯುತ್ತದೆ. ಹಳೆಯ ನೆಕ್ ಮಾತ್ರ ಅಗ್ಗದ ಮಾಲು. ಬೊಟ್ಟುಗಳು ಬರೀ ಉಕ್ಕು. ಅವುಗಳ ಅಡಿಯಲ್ಲಿ ಒಂದು ಸಿರಾಮಿಕ್ ಮ್ಯಾಗ್ನೆಟ್ ಪಟ್ಟಿ, ಎರಡು ತೊಟ್ಟು ಅಂಟಿನಲ್ಲಿ ಕೂತಿದೆ. ಎತ್ತಿ ಮಗುಚಿದರೆ ಮುಗಿಯಿತು. ದುಬಾರಿಯದು ಮಾಡಲಾಗದ್ದನ್ನು ಅಗ್ಗದ್ದು ಮಾಡಿಕೊಡುತ್ತಿತ್ತು.

ಆದರೆ ಅದು ನೆಕ್. ಮುಟ್ಟುವ ಹಾಗಿಲ್ಲದ್ದು.

ಭಾವ ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು. ಹೋಗಿ ಕೂತು ಹೇಳಿದೆ. "ಭಾವ, ಮ್ಯಾಗ್ನೆಟ್ ಮಗುಚುವುದು ಅಷ್ಟೇ. ಲೋಕಲ್ ರೈಲಿನಲ್ಲಿ ಕೂತವರು ಎದ್ದು, ತಿರುಗಿ, ಅದೇ ಸೀಟಿನಲ್ಲಿ ಕೂತ ಹಾಗೆ. ಮನುಷ್ಯ ಅದೇ, ಸೀಟ್ ಅದೇ."

"ಅಷ್ಟರಲ್ಲಿ ಬೇರೆಯವರು ಬಂದು ಕೂತರೆ?" ಅಂದರು. ಮುಂಬಯಿಯವರಿಗೆ ಲೋಕಲ್ ಉದಾಹರಣೆ ಕೊಡಬಾರದು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಹಾಳಾದರೆ?"

"ಹಾಳಾದರೆ ಇಂಥದ್ದೇ ಹುಡುಕಿ ತರುವುದು ನನ್ನ ತಲೆ ಮೇಲೆ."

ಪೇಪರ್ ಮಡಚಿಟ್ಟು ಅವರೇ ಎದ್ದು ಅಡುಗೆಮನೆಗೆ ಬಂದರು. ಪೂರ್ತಿ ಕೆಲಸ ಅವರ ಕಣ್ಣೆದುರೇ ನಡೆಯಿತು. ಮೊದಲು ಓಮ್ ಬರೆದುಕೊಂಡೆ, ಬಿಡಿಯಾಗಿ 5.9 ಕೆ. ಮ್ಯಾಗ್ನೆಟ್ಟಿನ ಕೆಳಮುಖಕ್ಕೆ ಬಿಳಿ ಬಣ್ಣದ ಗುರುತು. ಅಕ್ಕನ ಹೇರ್ ಡ್ರೈಯರ್‌ನಿಂದ ಅಂಟಿಗೆ ಸ್ವಲ್ಪ ಬಿಸಿ. ಹಳೆಯ ಎಟಿಎಂ ಕಾರ್ಡಿನ ಮೂಲೆಯನ್ನು ಮ್ಯಾಗ್ನೆಟ್ಟಿನ ತುದಿಯಿಂದ ತೂರಿಸಿದೆ, ಕಾಯಿಲ್ ಕಡೆಯಿಂದ ಅಲ್ಲ. ಸಿರಾಮಿಕ್ ಗಾಜಿನ ಹಾಗೆ, ಬಾಗುವುದಿಲ್ಲ, ಮುರಿಯುತ್ತದೆ. ಟಪ್ ಅಂತ ಸದ್ದಾಯಿತು. ಮೂವರ ಉಸಿರೂ ನಿಂತಿತು. ಬಿಟ್ಟಿದ್ದು ಅಂಟು ಮಾತ್ರ. ಪಟ್ಟಿಯನ್ನು ಮಗುಚಿ ಹತ್ತಿರ ಒಯ್ದೆ, ಅದೇ ಹಾರಿ ಹೋಗಿ ಉಕ್ಕಿಗೆ ಕಚ್ಚಿಕೊಂಡಿತು. ಒಂದು ತೊಟ್ಟು ಅಂಟು. ಮೀಟರಿನಲ್ಲಿ ಮತ್ತೆ 5.9. ಸ್ಕ್ರೂಡ್ರೈವರ್ ತಾಗಿಸಿದೆ. ಮುಳ್ಳು ಬಲಕ್ಕೆ.

ಮತ್ತೆ ಎಲ್ಲ ಜೋಡಿಸಿ ಎತ್ತರ ಹೊಂದಿಸಿದೆ. ಕೊನೆಯ ಫ್ರೆಟ್‌ನಲ್ಲಿ (ಕುತ್ತಿಗೆಯ ಅಡ್ಡ ಲೋಹದ ಗೀಟು) ತಂತಿ ಒತ್ತಿ ಹಿಡಿದು, ಬೊಟ್ಟಿನಿಂದ ದಪ್ಪ ತಂತಿಗೆ 2.4 ಮಿಲಿಮೀಟರ್, ಸಪೂರ ತಂತಿಗೆ 2 ಮಿಲಿಮೀಟರ್. ಇದು ಸಿಂಗಲ್ ಕಾಯಿಲ್‌ಗೆ ಶುರು ಮಾಡಲು ಒಳ್ಳೆಯ ಅಳತೆ. ಆಲ್ನಿಕೋ ಬೊಟ್ಟುಗಳನ್ನು ಇನ್ನೂ ಹತ್ತಿರ ತಂದರೆ ಅವು ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ. ಬ್ರಿಜ್ ಹಂಬಕರ್ ಉಳಿದೆರಡನ್ನು ಮುಚ್ಚಿಹಾಕುವಷ್ಟು ಜೋರಿತ್ತು, ಅದನ್ನು ಕೆಳಗಿಳಿಸುತ್ತಾ ಹೋದೆವು. ಇದಕ್ಕೆ ಅಳತೆಪಟ್ಟಿ ಬೇಡ, ಸ್ವಿಚ್ ಆಡಿಸುತ್ತಾ ಕಿವಿಯೇ ಹೇಳಬೇಕು.

ಈ ಸಲ ಗಿಟಾರ್ ಮೊದಲು ಹೋಗಿದ್ದು ಭಾವನ ಕೈಗೆ. ನೆಕ್‌ನಲ್ಲಿ ಹತ್ತು ನಿಮಿಷ ನುಡಿಸಿದರು. ಏನೂ ಹೇಳಲಿಲ್ಲ, ಅದೇ ಒಪ್ಪಿಗೆ. ಆಮೇಲೆ ನಾಲ್ಕನೇ ಜಾಗಕ್ಕೆ ಹಾಕಿದರು. ತಳ ಇತ್ತು, ಹೊಳಪಿತ್ತು, ಹಮ್ ಇರಲಿಲ್ಲ. "ಇದು ಆಗ ಇದ್ದಿದ್ದರೆ" ಅಂದರು, ಮುಂದೆ ಹೇಳಲಿಲ್ಲ. ಅಳಿಯನಿಗೆ ಗಿಟಾರ್ ವಾಪಸ್ ಸಿಕ್ಕಿದ್ದು ರಾತ್ರಿ ಊಟ ಆದ ಮೇಲೆ.

ಒಂದು ದೂರು ಉಳಿಯಿತು. ನೆಕ್ ಒಂಟಿಯಾಗಿ ನುಡಿಸುವಾಗ ಬರ್‌ರ್ ಅನ್ನುವ ಸಣ್ಣ ಸದ್ದು. ತಾಮ್ರದ ಟೇಪಿಗೂ ಅದು ಜಗ್ಗಲಿಲ್ಲ. ಫ್ಯಾನ್ ನಿಲ್ಲಿಸಿದರೆ ಸದ್ದೂ ನಿಂತಿತು. ರೂಮಿನಲ್ಲಿದ್ದದ್ದು ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಕರೆಂಟನ್ನು ಕತ್ತರಿಸಿ ಕತ್ತರಿಸಿ ಬಿಡುವ ಜಾತಿ. ಅಕ್ಟೋಬರ್ ಸೆಕೆಯಲ್ಲಿ ಫ್ಯಾನ್ ಆರಿಸಿ ನುಡಿಸು ಅಂತ ಯಾರಿಗೆ ಹೇಳುವುದು? ಮುಂದಿನ ವಾರ ಭಾವನೇ ಟಕ್‌ಟಕ್ ಅನ್ನುವ ಸ್ಟೆಪ್ ರೆಗ್ಯುಲೇಟರ್ ತಂದು ಹಾಕಿಸಿದರು. ಅದರೊಳಗೆ ಕೆಪಾಸಿಟರ್ ಇರುತ್ತದೆ, ಕತ್ತರಿಸುವ ಗೋಜಿಲ್ಲ. ಅಳಿಯ ಫೋನ್‌ನಲ್ಲಿ ನೆಕ್ ಪಿಕಪ್ ಕೇಳಿಸಿದ. ಹಿಂದೆ ಫ್ಯಾನ್ ತಿರುಗುತ್ತಿತ್ತು.